ಹೊಸ ಕ್ಯಾಲ್ಕುಲೇಟರಿನಲ್ಲಿ ಇಲ್ಲದ ಬಟನ್

ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳ ದಾಖಲಾತಿ ಶುರುವಾದರೆ ಸಾಕು, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ: "ಅಣ್ಣನ ಹಳೇ ಕ್ಯಾಲ್ಕುಲೇಟರ್ ಮನೇಲಿದೆ. ಅದೇ ನಡೆಯುತ್ತಾ, ಹೊಸ ಮಾಡೆಲ್ಲೇ ತಗೋಬೇಕಾ?" ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ: "ಹೊಸದ್ರಲ್ಲಿ ಫಂಕ್ಷನ್ ಜಾಸ್ತಿ ಸಾರ್." ಅಪ್ಪ ಮಗಳ ಮುಖ ನೋಡುತ್ತಾರೆ, ಮಗಳು ಡಬ್ಬಿಯ ಮೇಲಿನ ಸಂಖ್ಯೆ ನೋಡುತ್ತಾಳೆ. ರೇಷ್ಮೆಯ ದುಡ್ಡೋ ಟೊಮೆಟೊ ದುಡ್ಡೋ, ಅಂತೂ ಕಷ್ಟಪಟ್ಟ ದುಡ್ಡು ಕೈ ಬದಲಾಯಿಸುತ್ತದೆ. ಒಂದು ಸಾವಿರದ ಮೇಲಿನ ಈ ವ್ಯವಹಾರ ಮುಂದಿನ ನಾಲ್ಕು ವರ್ಷ ಆ ಹುಡುಗಿಯ ಬೆರಳಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲೇಬೇಕು.

ನಮ್ಮ ಭಾಗದ ವಿದ್ಯಾರ್ಥಿಗಳ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಸಿಯೊ ಕಂಪನಿಯ 991 ಸರಣಿ. ಅದರಲ್ಲಿ ನಾಲ್ಕು ತಲೆಮಾರುಗಳು ಈಗಲೂ ಬಳಕೆಯಲ್ಲಿವೆ. ಎರಡು ಸಾಲಿನ ಪರದೆಯ 991 ಎಂಎಸ್ ಎಲ್ಲಕ್ಕಿಂತ ಹಿರಿಯ. ಭಿನ್ನರಾಶಿ, ವರ್ಗಮೂಲಗಳನ್ನು ಪಠ್ಯಪುಸ್ತಕದಲ್ಲಿದ್ದಂತೆಯೇ ಮೇಲೆ ಕೆಳಗೆ ಬರೆದು ತೋರಿಸುವ 991 ಇಎಸ್ ಪ್ಲಸ್ ಎರಡನೆಯದು. 2015ರಲ್ಲಿ ಬಂದ, ಸ್ಪ್ರೆಡ್‌ಶೀಟ್ ಮತ್ತು ಕ್ಯೂಆರ್ ಕೋಡ್ ಇರುವ 991 ಇಎಕ್ಸ್ ಮೂರನೆಯದು. ಈಗ ಅಂಗಡಿಯಲ್ಲಿ ಹೊಸದೆಂದು ಮುಂದಿಡುವುದು 991 ಸಿಡಬ್ಲ್ಯು. ಡಬ್ಬಿಯ ಮೇಲಿನ ಫಂಕ್ಷನ್ ಸಂಖ್ಯೆ ಎಂಎಸ್‌ನಲ್ಲಿ 401, ಇಎಸ್ ಪ್ಲಸ್‌ನಲ್ಲಿ 417, ಇಎಕ್ಸ್‌ನಲ್ಲಿ 552. ಸಿಡಬ್ಲ್ಯುಗೆ ಬಂದಾಗ ಅದು 540ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಹೊಸದರಲ್ಲಿ ಎಲ್ಲವೂ ಜಾಸ್ತಿ ಎಂಬ ಮಾತನ್ನು ಡಬ್ಬಿಯೇ ಒಪ್ಪುವುದಿಲ್ಲ. ಹನ್ನೆರಡು ಹೆಚ್ಚೋ ಕಡಿಮೆಯೋ ಎಂಬ ಎಣಿಕೆ ಇಲ್ಲಿ ಮುಖ್ಯವಲ್ಲ. ಹೋದದ್ದು ಯಾವುದು, ಬಂದದ್ದು ಯಾವುದು, ಅದು ಯಾರ ಕೆಲಸಕ್ಕೆ ಬರುವಂಥದ್ದು ಎಂಬುದನ್ನು ನೋಡಬೇಕು.

ಹೋದದ್ದನ್ನು ಎರಡು ಗುಂಪು ಮಾಡಿ ನೋಡುವುದು ಒಳ್ಳೆಯದು. ಕೆಲವು ಸೌಲಭ್ಯಗಳು ಮುಖದ ಮೇಲಿನ ಬಟನ್ ಬಿಟ್ಟು ಪಟ್ಟಿಯೊಳಗೆ ಹೋಗಿ ಕುಳಿತಿವೆ. ಡಿಗ್ರಿ–ನಿಮಿಷ–ಸೆಕೆಂಡ್ ಚಿಹ್ನೆ, ಹೈಪರ್ಬೋಲಿಕ್ ಫಂಕ್ಷನ್‌ಗಳು, ಕ್ರಮಯೋಜನೆ–ವಿಕಲ್ಪಗಳ ಲೆಕ್ಕ, ಪೋಲಾರ್ ಪರಿವರ್ತನೆ ಇವೆಲ್ಲ ಸಿಡಬ್ಲ್ಯುನಲ್ಲಿ ಇವೆ. ಆದರೆ ಕ್ಯಾಟಲಾಗ್ ಬಟನ್ ಒತ್ತಿ, ವಿಭಾಗ ಆರಿಸಿ, ಕೆಳಗಿಳಿದು, ಓಕೆ ಕೊಟ್ಟು ತರಬೇಕು. ಭಿನ್ನರಾಶಿಯಿಂದ ದಶಮಾಂಶಕ್ಕೆ ಒಂದೇ ಒತ್ತಿಗೆ ಹಾರುತ್ತಿದ್ದ ಬಟನ್ ಜಾಗದಲ್ಲಿ ಫಾರ್ಮ್ಯಾಟ್ ಎಂಬ ಪಟ್ಟಿ ಬಂದಿದೆ. ಇನ್ನು ಕೆಲವು ಸೌಲಭ್ಯಗಳು ನಿಜವಾಗಿಯೂ ಇಲ್ಲ. ಸೂತ್ರವನ್ನು ಒಮ್ಮೆ ಬರೆದಿಟ್ಟು ಅಕ್ಷರಗಳಿಗೆ ಬೇರೆ ಬೇರೆ ಬೆಲೆ ಕೊಡುತ್ತ ಹೋಗಲು ಇದ್ದ 'ಕ್ಯಾಲ್ಕ್' ಬಟನ್ ಇಲ್ಲ. ಎರಡು ಮೂರು ಲೆಕ್ಕಗಳನ್ನು ವಿವರಣ ಚಿಹ್ನೆ, ಅಂದರೆ ಕೋಲನ್, ಹಾಕಿ ಸಾಲಾಗಿ ಪೋಣಿಸುವ ವ್ಯವಸ್ಥೆ ಇಲ್ಲ. ಬಂದ ಉತ್ತರವನ್ನು ಹಿಂದಿನ ಮೊತ್ತಕ್ಕೆ ಕೂಡಿಸಿಡುವ ಎಂ ಪ್ಲಸ್ ಇಲ್ಲ.

ಮೊದಲ ಗುಂಪಿನ ನಷ್ಟ ಎಷ್ಟು ಎಂದು ತಿಳಿಯಬೇಕಾದರೆ ಚಿಂತಾಮಣಿಯ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಓದುವ ಹುಡುಗನ ಸರ್ವೆ ಪುಸ್ತಕ ತೆರೆಯಬೇಕು. ಟ್ರಾವರ್ಸ್ ಸರ್ವೆಯಲ್ಲಿ ಪ್ರತಿ ಗೆರೆಗೂ ಒಂದು ಉದ್ದ, ಒಂದು ಬೇರಿಂಗ್, ಅಂದರೆ ಉತ್ತರದಿಂದ ಅಳೆದ ದಿಕ್ಕಿನ ಕೋನ, ಇರುತ್ತದೆ. ಒಂದು ಗೆರೆಯ ಉದ್ದ 86.40 ಮೀಟರ್, ಬೇರಿಂಗ್ 37 ಡಿಗ್ರಿ 25 ನಿಮಿಷ ಎಂದಿಟ್ಟುಕೊಳ್ಳೋಣ. ಆ ಗೆರೆ ಉತ್ತರಕ್ಕೆ ಎಷ್ಟು ಸಾಗಿತು, ಪೂರ್ವಕ್ಕೆ ಎಷ್ಟು ಸಾಗಿತು ಎಂಬುದು ಬೇಕು. ಸರ್ವೆಯವರು ಇವನ್ನು ಲ್ಯಾಟಿಟ್ಯೂಡ್, ಡಿಪಾರ್ಚರ್ ಎನ್ನುತ್ತಾರೆ. ಇಎಸ್ ಪ್ಲಸ್‌ನಲ್ಲಿ ಶಿಫ್ಟ್ ಒತ್ತಿ ಕಳೆಯುವ ಬಟನ್ ಒತ್ತಿದರೆ ಪೋಲಾರ್‌ನಿಂದ ಆಯತ ನಿರ್ದೇಶಾಂಕಕ್ಕೆ ಬದಲಿಸುವ 'ರೆಕ್' ಬರುತ್ತದೆ. ಉದ್ದ, ಅಲ್ಪವಿರಾಮ, 37, ಡಿಗ್ರಿ ಬಟನ್, 25, ಮತ್ತೆ ಅದೇ ಬಟನ್. ಸಮ ಚಿಹ್ನೆ ಒತ್ತಿದರೆ 68.62 ಮತ್ತು 52.50 ಎರಡೂ ಒಟ್ಟಿಗೆ ಪರದೆಗೆ ಬರುತ್ತವೆ. ಒಂದು ಎಕ್ಸ್‌ನಲ್ಲಿ, ಇನ್ನೊಂದು ವೈಯಲ್ಲಿ ತಾವಾಗಿಯೇ ಹೋಗಿ ಕೂರುತ್ತವೆ. ಎಂಎಸ್‌ನಲ್ಲಿ ಅವು ಇ ಮತ್ತು ಎಫ್‌ನಲ್ಲಿ ಕೂರುತ್ತಿದ್ದವು. ಹಳಬರಿಗೆ ಇದು ನಿದ್ದೆಯಲ್ಲೂ ನೆನಪಿರುತ್ತದೆ.

ಇದೇ ಲೆಕ್ಕ ಸಿಡಬ್ಲ್ಯುನಲ್ಲೂ ಬರುತ್ತದೆ, ಉತ್ತರವೂ ಅದೇ. ಆದರೆ 'ರೆಕ್' ಪಟ್ಟಿಯೊಳಗಿದೆ, ಡಿಗ್ರಿ ಚಿಹ್ನೆಯೂ ಪಟ್ಟಿಯೊಳಗಿದೆ. ಆರು ಗೆರೆಗಳ ಟ್ರಾವರ್ಸ್ ಒಂದರಲ್ಲಿ ಎಷ್ಟು ಸಲ ಆ ಪಟ್ಟಿ ತೆರೆದು ಮುಚ್ಚಬೇಕು ಎಂದು ಯೋಚಿಸಿ. ಜಾಣ ಹುಡುಗರು ಬೇಗ ದಾರಿ ಕಂಡುಕೊಳ್ಳುತ್ತಾರೆ: 37 ಕೂಡಿಸು 25 ಭಾಗಿಸು 60 ಎಂದು ಬರೆದರೆ ಚಿಹ್ನೆಯ ಗೊಡವೆಯೇ ಇಲ್ಲ. ಒಳ್ಳೆಯ ಉಪಾಯವೇ. ಆದರೆ ಆ ಅವಸರದಲ್ಲಿ 60ರ ಬದಲು 100 ಬಂದುಬಿಟ್ಟರೆ 37 ಡಿಗ್ರಿ 25 ನಿಮಿಷ 37.25 ಆಗಿಬಿಡುತ್ತದೆ. ತಪ್ಪು ಚಿಕ್ಕದು, ಕಣ್ಣಿಗೆ ಬೀಳುವುದಿಲ್ಲ, ಟ್ರಾವರ್ಸ್ ಮಾತ್ರ ಹೊರಟ ಬಿಂದುವಿಗೆ ಬಂದು ಮುಚ್ಚಿಕೊಳ್ಳುವುದಿಲ್ಲ. ಸಮಯ ಉಳಿಸುವುದರ ಜೊತೆಗೆ ಇಂಥ ತಪ್ಪಿಗೆ ದಾರಿ ಕೊಡದೆ ಇರುವುದೂ ಹಳೆಯ ಡಿಗ್ರಿ ಬಟನ್ನಿನ ಉಪಕಾರವಾಗಿತ್ತು.

ಸರ್ವೆಯವರ ಈ ಅಸಮಾಧಾನ ನಮ್ಮ ಊರಿನದು ಮಾತ್ರವಲ್ಲ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1972ರಲ್ಲಿ ಎಚ್‌ಪಿ-35 ಎಂಬ ಜೇಬಿನ ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದಾಗ ಜಗತ್ತಿನ ಇಂಜಿನಿಯರುಗಳ ಕೈಯಿಂದ ಸ್ಲೈಡ್ ರೂಲ್ ಜಾರಿಹೋಯಿತು. ಅದರ 35ನೇ ವರ್ಷದ ನೆನಪಿಗೆ 2007ರಲ್ಲಿ ಎಚ್‌ಪಿ 35ಎಸ್ ಬಂತು. ಅದರ ಮೆಮೊರಿ 30 ಕಿಲೊಬೈಟಿನಷ್ಟು. ಹಿಂದಿನ ಮೆಚ್ಚಿನ ಮಾದರಿ 32ಎಸ್‌ಐಐನಲ್ಲಿ ಇದ್ದದ್ದು 384 ಬೈಟ್ ಮಾತ್ರ. ಆದರೆ ಪೋಲಾರ್‌ನಿಂದ ಆಯತ ನಿರ್ದೇಶಾಂಕಕ್ಕೆ ಬದಲಿಸುವ ನೇರ ಬಟನ್ ಹೊಸದರಲ್ಲಿ ಇರಲಿಲ್ಲ, ಸಂಕೀರ್ಣ ಸಂಖ್ಯೆಗಳ ಮೂಲಕ ಸುತ್ತಿ ಬರಬೇಕಿತ್ತು. ಅಮೆರಿಕದ ಸರ್ವೆಯರುಗಳು ಬೇಸರಗೊಂಡರು. ಎಷ್ಟೋ ಪಟ್ಟು ಹೆಚ್ಚಿದ ಮೆಮೊರಿ ಆ ಒಂದು ಬಟನ್ನಿಗೆ ಸಮನಾಗಲಿಲ್ಲ. ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನು ಕಷ್ಟ ಮಾಡಿ, ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ಸುಲಭ ಮಾಡಿದರೆ ಅದನ್ನು ಲಾಭವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡನೇ ಗುಂಪಿನ ನಷ್ಟ ಇನ್ನೂ ಆಳದ್ದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಿತ ಪತ್ರಿಕೆ ಬರೆದವರಿಗೆ ಬದಲಾವಣೆಯ ದರದಿಂದ ಮುಂದಿನ ಬೆಲೆಯನ್ನು ಅಂದಾಜಿಸುವ ರೂಂಗೆ–ಕುಟ್ಟ ವಿಧಾನ ಗೊತ್ತಿರುತ್ತದೆ. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯಲ್ಲಿ ಓದುವವರಿರಲಿ, ಬೆಂಗಳೂರಿಗೆ ರೈಲು ಹಿಡಿದು ಹೋಗಿಬರುವ ಗೌರಿಬಿದನೂರಿನವರಿರಲಿ, ಯಾರೂ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ. ಹಳೆಯ ಪುಸ್ತಕಗಳಲ್ಲೆಲ್ಲ ಇರುವ ಒಂದು ಲೆಕ್ಕ ನೋಡೋಣ: ವೈಯ ಬದಲಾವಣೆಯ ದರ ಎಂದರೆ ಎಕ್ಸ್ ಮತ್ತು ವೈ ವರ್ಗದ ಮೊತ್ತ. ಎಕ್ಸ್ ಸೊನ್ನೆ ಇದ್ದಾಗ ವೈ ಒಂದು. ಎಕ್ಸ್ 0.1 ಆದಾಗ ವೈ ಎಷ್ಟು?

ಕ್ಯಾಲ್ಕ್ ಬಟನ್ ಇದ್ದರೆ 0.1 ಗುಣಿಸು ಎಕ್ಸ್ ಕೂಡಿಸು ವೈ ವರ್ಗ ಎಂಬ ಸೂತ್ರವನ್ನು ಆವರಣ ಹಾಕಿ ಒಂದೇ ಒಂದು ಸಲ ಬರೆಯುತ್ತೀರಿ. ಕ್ಯಾಲ್ಕ್ ಒತ್ತಿದರೆ ಯಂತ್ರವೇ ಎಕ್ಸ್ ಎಷ್ಟು ಎಂದು ಕೇಳುತ್ತದೆ, ವೈ ಎಷ್ಟು ಎಂದು ಕೇಳುತ್ತದೆ. 0 ಮತ್ತು 1 ಕೊಟ್ಟರೆ ಮೊದಲ ಬೆಲೆ 0.1. ಮತ್ತೆ ಕ್ಯಾಲ್ಕ್, 0.05 ಮತ್ತು 1.05 ಕೊಟ್ಟರೆ ಎರಡನೆಯದು 0.11525. ಅದರ ಅರ್ಧವನ್ನು ಒಂದಕ್ಕೆ ಸೇರಿಸಿ 1.057625 ಕೊಟ್ಟರೆ ಮೂರನೆಯದು 0.11686. ನಾಲ್ಕನೆಯದು 0.13474. ನಾಲ್ಕನ್ನೂ ವಿಧಾನದ ಸೂತ್ರದಂತೆ ಸೇರಿಸಿದರೆ ವೈ 1.1165. ವಿದ್ಯಾರ್ಥಿಯ ತಲೆ ವಿಧಾನದ ಮೇಲಿರುತ್ತದೆ: ಈ ಬೆಲೆ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗಬೇಕು. ಟೈಪಿಂಗ್ ಒಮ್ಮೆಗೇ ಮುಗಿದಿರುತ್ತದೆ.

ಸಿಡಬ್ಲ್ಯುನಲ್ಲಿ ವೇರಿಯೇಬಲ್ ಬಟನ್ ಒತ್ತಿ, ಎಕ್ಸ್‌ನ ಮನೆಗೆ ಹೋಗಿ ಬೆಲೆ ಬದಲಿಸಿ, ವೈಯ ಮನೆಗೆ ಹೋಗಿ ಬದಲಿಸಿ, ಹಿಂದಿರುಗಿ ಸೂತ್ರಕ್ಕೆ ಬಂದು ಎಕ್ಸಿಕ್ಯೂಟ್ ಒತ್ತಬೇಕು. ಕ್ಯಾಲ್ಕ್‌ನ ಬದಲಿಗೆ ಕಂಪನಿ ಕೊಟ್ಟಿರುವುದು ಎಫ್ ಆಫ್ ಎಕ್ಸ್, ಜಿ ಆಫ್ ಎಕ್ಸ್ ಎಂಬ ಎರಡು ಫಂಕ್ಷನ್‌ಗಳನ್ನು ಬರೆದಿಟ್ಟುಕೊಳ್ಳುವ ಸೌಲಭ್ಯ. ಒಂದೇ ಚರಾಕ್ಷರದ ಲೆಕ್ಕವಾದರೆ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಕ್ಯಾಲ್ಕ್‌ಗಿಂತ ಒಂದು ಕೈ ಮೇಲೆಂದೇ ಹೇಳಬೇಕು. ಏಕೆಂದರೆ ಎಫ್ ಆಫ್ 2 ಎಂದು ಬರೆಯುವಾಗ ಹುಡುಗಿ ತನ್ನ ನೋಟ್ಸಿನಲ್ಲಿ ಬರೆಯುವುದನ್ನೇ ಯಂತ್ರದಲ್ಲೂ ಬರೆಯುತ್ತಾಳೆ. ಎರಡು ಚರಾಕ್ಷರಗಳು ಬಂದೊಡನೆ ಆ ಸೊಗಸು ಕರಗುತ್ತದೆ. ಸಿವಿಲ್, ಮೆಕ್ಯಾನಿಕಲ್‌ನ ಸೂತ್ರಗಳಲ್ಲಿ ನಾಲ್ಕು, ಐದು ಅಕ್ಷರಗಳಿರುವುದೇ ಹೆಚ್ಚು.

ಹಾಗೆಂದು ಎಲ್ಲ ನಷ್ಟವನ್ನೂ ದೊಡ್ಡದು ಮಾಡಿ ಹೇಳುವುದು ಸರಿಯಲ್ಲ. ನ್ಯೂಟನ್–ರಾಫ್ಸನ್ ಲೆಕ್ಕಕ್ಕೆ ಕ್ಯಾಲ್ಕ್ ಬೇಕೇ ಬೇಕು ಎಂದು ಹಲವರು ನಂಬಿದ್ದಾರೆ. ಬೇಕಿಲ್ಲ. ಎಕ್ಸ್‌ನ ಘನದಿಂದ ಎಕ್ಸ್‌ನ ಎರಡರಷ್ಟನ್ನೂ ಐದನ್ನೂ ಕಳೆದರೆ ಸೊನ್ನೆ ಬರಬೇಕು ಎಂಬ ಸಮೀಕರಣ ಸ್ವತಃ ನ್ಯೂಟನ್ ಬಿಡಿಸಿದ್ದು. 2 ಎಂದು ಒತ್ತಿ ಉತ್ತರ ಮಾಡಿಕೊಳ್ಳಿ. ಆಮೇಲೆ ನ್ಯೂಟನ್ ಸೂತ್ರದಲ್ಲಿ ಎಕ್ಸ್ ಇರುವಲ್ಲೆಲ್ಲ 'ಆನ್ಸ್' ಬಟನ್ ಹಾಕಿ ಬರೆಯಿರಿ. ಮೊದಲ ಒತ್ತಿಗೆ 2.1, ಎರಡನೆಯದಕ್ಕೆ 2.094568, ಮೂರನೆಯದಕ್ಕೆ 2.0945515. ಅಲ್ಲಿಂದ ಮುಂದೆ ಅಂಕಿ ಅಲುಗಾಡುವುದಿಲ್ಲ. ಆನ್ಸ್ ಬಟನ್ ನಾಲ್ಕೂ ತಲೆಮಾರುಗಳಲ್ಲಿ ಇದೆ. ಇದನ್ನು ತರಗತಿಯಲ್ಲಿ ಒಬ್ಬ ಮೇಷ್ಟ್ರು ಹತ್ತು ನಿಮಿಷ ತೋರಿಸಿಕೊಟ್ಟರೆ ಅರ್ಧ ತರಗತಿಯ ಹೊಸ ಮಾಡೆಲ್ ಭಯ ಹೋಗುತ್ತದೆ. ತೋರಿಸಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕ್ಯಾಲ್ಕುಲೇಟರ್ ಬಳಸುವುದನ್ನು ಪಾಠವೆಂದು ನಮ್ಮಲ್ಲಿ ಯಾರೂ ಎಣಿಸಿಲ್ಲ. ಮಕ್ಕಳು ಅದನ್ನು ಸೀನಿಯರುಗಳಿಂದಲೇ ಕಲಿಯುತ್ತಾರೆ. ಸೀನಿಯರ್ ಬಳಿ ಇಎಸ್ ಪ್ಲಸ್ ಇದ್ದು ಜೂನಿಯರ್ ಬಳಿ ಸಿಡಬ್ಲ್ಯು ಇದ್ದರೆ ಆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಈ ನಷ್ಟ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಇನ್ನು ಬಂದದ್ದರ ಲೆಕ್ಕ. ಹೊಸ ಪರದೆಯಲ್ಲಿ ಅಕ್ಷರಗಳು ಸ್ಪಷ್ಟ, ಪಟ್ಟಿಗಳಲ್ಲಿ ಹೆಸರುಗಳು ಪೂರ್ತಿಯಾಗಿ ಇರುತ್ತವೆ. ಇದನ್ನು ಸಣ್ಣದೆಂದು ತಳ್ಳಿಹಾಕಬಾರದು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್. ಅಂಥವರಿಗೆ ಹಳೆಯ ಯಂತ್ರದ ಮೂರಕ್ಷರದ ಸಂಕೇತಗಳು, ಹಳದಿ ಬಣ್ಣದ್ದಕ್ಕೆ ಶಿಫ್ಟ್, ಕೆಂಪಿನದಕ್ಕೆ ಆಲ್ಫಾ ಎಂಬ ಕಟ್ಟಳೆಗಳು ಇನ್ನೊಂದು ಭಾಷೆಯೇ ಆಗಿದ್ದವು. ಹೇಳಿಕೊಡುವವರಿಲ್ಲದ ಹುಡುಗಿ ಹೊಸದರ ಪಟ್ಟಿ ತೆರೆದು ಓದಿಕೊಂಡು ತಾನೇ ಕಲಿಯಬಲ್ಲಳು. ಸಮೀಕರಣದ ಎರಡು ಬದಿ ಸಮವೇ ಎಂದು ಸರಿ–ತಪ್ಪು ಹೇಳುವ 'ವೆರಿಫೈ' ಸಹ ಮನೆಯಲ್ಲಿ ಒಬ್ಬರೇ ಕೂತು ಓದುವವರಿಗೆ ಒಳ್ಳೆಯ ಜೊತೆ. ನಾಲ್ಕು ಅಜ್ಞಾತಗಳ ಸಮೀಕರಣ, ನಾಲ್ಕು ಸಾಲು ನಾಲ್ಕು ಕಂಬದ ಮ್ಯಾಟ್ರಿಕ್ಸ್, 45 ಸಾಲಿನ ಸ್ಪ್ರೆಡ್‌ಶೀಟ್ ಇವು ಇಎಕ್ಸ್ ಕಾಲದಲ್ಲೇ ಬಂದಿದ್ದವು, ಈಗಲೂ ಇವೆ. ಕ್ಯೂಆರ್ ಕೋಡ್ ತೋರಿಸಿ ಫೋನಿನಲ್ಲಿ ಗ್ರಾಫ್ ನೋಡುವ ಸೌಲಭ್ಯ ಪರೀಕ್ಷಾ ಕೊಠಡಿಯಲ್ಲಿ ನಿರುಪಯುಕ್ತ, ಅಲ್ಲಿ ಫೋನ್ ಬಿಡುವುದಿಲ್ಲ. ಮನೆಯಲ್ಲಿ ಉಪಯುಕ್ತ.

ಟೇಬಲ್ ಸೌಲಭ್ಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದನ್ನು ಬಳಸುವವರು ತೀರಾ ಕಡಿಮೆ. ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿಂದ ಶುರು ಮಾಡೋಣ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕವಿದೆ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಹರಡಿದ್ದ 1,000 ಡೈಪೋಲ್‌ಗಳ ಸಾಲು ಅದು. ಕೆಲಸ ಮಾಡುತ್ತಿದ್ದ ಆವರ್ತನ 34.5 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗಾಂತರ 8.69 ಮೀಟರ್. ಪೂರ್ವ–ಪಶ್ಚಿಮ ತೋಳಿನ ಉದ್ದ ಸುಮಾರು 1.4 ಕಿಲೊಮೀಟರ್. ತರಂಗಾಂತರವನ್ನು ಆ ಉದ್ದದಿಂದ ಭಾಗಿಸಿದರೆ 0.0062 ರೇಡಿಯನ್, ಅಂದರೆ ಕೋನದ ಲೆಕ್ಕದಲ್ಲಿ ಸುಮಾರು 21 ನಿಮಿಷ. ಹುಣ್ಣಿಮೆ ಚಂದ್ರನ ಅಗಲ ಸುಮಾರು 30 ನಿಮಿಷ. ನಿಜವಾದ ದೂರದರ್ಶಕದ ನೋಟ ಈ ಸರಳ ಲೆಕ್ಕಕ್ಕಿಂತ ತುಸು ಅಗಲ, 26 ನಿಮಿಷ. ಅಷ್ಟು ದೊಡ್ಡ ಹೊಲದಷ್ಟು ಆಂಟೆನಾ ಹರಡಿದರೂ ಚಂದ್ರನಷ್ಟಗಲದ ಆಕಾಶವನ್ನು ಸುಮಾರು ಒಂದು ಚುಕ್ಕೆಯಾಗಿಯೇ ಕಾಣಬೇಕಾಗುತ್ತದೆ ಎಂಬ ವಿಷಯ ಹೀಗೆ ಅಂಗೈಯ ಯಂತ್ರದಲ್ಲೇ ಹೊಳೆಯುತ್ತದೆ.

ಈ ಒಂದು ಲೆಕ್ಕಕ್ಕೆ ಎಂಎಸ್ ಧಾರಾಳವಾಗಿ ಸಾಕು. ಆದರೆ ಆವರ್ತನ ಏರಿದರೆ ಏನಾಗುತ್ತದೆ, 40 ಆದರೆ, 80 ಆದರೆ, 120 ಆದರೆ? ಟೇಬಲ್‌ನಲ್ಲಿ ಸೂತ್ರ ಬರೆದು ಆರಂಭ, ಅಂತ್ಯ, ಹೆಜ್ಜೆ ಕೊಟ್ಟರೆ ಇಡೀ ಸಾಲು ಕಣ್ಣ ಮುಂದೆ ನಿಲ್ಲುತ್ತದೆ, ಕೋನ ಕಿರಿದಾಗುತ್ತ ಹೋಗುವುದು ಕಾಣುತ್ತದೆ. ಎಂಎಸ್‌ನಲ್ಲಿ ಇದು ಇರಲಿಲ್ಲ. ಇಎಸ್ ಪ್ಲಸ್‌ನಲ್ಲಿ ಬಂತು. ಆಮೇಲಿನವುಗಳಲ್ಲಿ ಎರಡು ಸೂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೂ ಸುಲಭವಾಯಿತು. ಒಂದು ಉತ್ತರ ಪಡೆಯುವುದಕ್ಕೂ ಉತ್ತರ ಹೇಗೆ ಬದಲಾಗುತ್ತದೆ ಎಂದು ನೋಡುವುದಕ್ಕೂ ಇರುವ ವ್ಯತ್ಯಾಸ ವಿಜ್ಞಾನ ಕಲಿಯುವವರಿಗೆ ದೊಡ್ಡದು. ಕಲಿಯುವ ಕಾಲದಲ್ಲಿ ಹೊಸ ಯಂತ್ರದ ಪರವಾಗಿ ನಾನು ಹೇಳಬಲ್ಲ ಅತ್ಯಂತ ಗಟ್ಟಿಯಾದ ಮಾತು ಇದು.

ಶಿಡ್ಲಘಟ್ಟಕ್ಕೆ ಬಂದರೆ ಮಾತೇ ಬೇರೆ. ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೀಲರುಗಳು ಲಾಟುಗಳನ್ನು ಹರಾಜಿನಲ್ಲಿ ಹಿಡಿಯುತ್ತಾರೆ. ಉದಾಹರಣೆಗೆ ಒಂದು ಲಾಟು 38.4 ಕೆ.ಜಿ., ಕೆ.ಜಿ.ಗೆ 520 ರೂಪಾಯಿ. ಇನ್ನೊಂದು 27.65 ಕೆ.ಜಿ., 545 ರೂಪಾಯಿ. ಮೊದಲನೆಯದು 19,968, ಎಂ ಪ್ಲಸ್. ಎರಡನೆಯದು 15,069.25, ಎಂ ಪ್ಲಸ್. ಎಂಆರ್ ಒತ್ತಿದರೆ 35,037.25. ಅದನ್ನು ಒಟ್ಟು 66.05 ಕೆ.ಜಿ.ಯಿಂದ ಭಾಗಿಸಿದರೆ ಸರಾಸರಿ ದರ 530 ರೂಪಾಯಿ 47 ಪೈಸೆ. ಒಂದು ಕೆ.ಜಿ. ನೂಲಿಗೆ ಬೇಕಾಗುವ ಗೂಡಿನ ತೂಕ, ಅವರು ರೆಂಡಿಟ್ಟಾ ಎನ್ನುವುದು, ಏಳೂವರೆ ಎಂದು ಹಿಡಿದರೆ ಗೂಡಿನ ಖರ್ಚೇ ಕೆ.ಜಿ. ನೂಲಿಗೆ 3,978 ರೂಪಾಯಿ ದಾಟುತ್ತದೆ. ಕೂಲಿ, ಸೌದೆ, ಕರೆಂಟು ಎಲ್ಲ ಆಮೇಲೆ. ಈ ಲೆಕ್ಕಕ್ಕೆ ಸೈನ್ ಬೇಡ, ಲಾಗ್ ಬೇಡ, ಎಂ ಪ್ಲಸ್ ಬೇಕು. ಹಾಗಾಗಿ ಮಗಳ 540 ಫಂಕ್ಷನ್‌ಗಳ ಯಂತ್ರ ಅಪ್ಪನ ಮೇಜಿನ ಮೇಲಿನ ಹನ್ನೆರಡು ಅಂಕಿಯ ಸಾದಾ ಯಂತ್ರದ ಕೆಲಸಕ್ಕೆ ಒದಗುವುದಿಲ್ಲ. ಸಿಡಬ್ಲ್ಯುನಲ್ಲಿ ಎಂ ಎಂಬ ಮೆಮೊರಿಯ ಹೆಸರೇ ಇಲ್ಲ, ಆ ಜಾಗಕ್ಕೆ ಜೆಡ್ ಬಂದಿದೆ. ಅಪ್ಪನಿಗೂ ಆಗುತ್ತದೆ, ಮಗಳಿಗೂ ಆಗುತ್ತದೆ ಎಂದು ಒಂದನ್ನೇ ಕೊಳ್ಳುವ ಲೆಕ್ಕಾಚಾರ ಇದ್ದರೆ ಅದನ್ನು ಕೈಬಿಡುವುದೇ ಮೇಲು.

ಹೀಗೆ ನೋಡುತ್ತ ಹೋದರೆ ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು ಎಂಬುದು ಸ್ಪಷ್ಟವಾಗುತ್ತದೆ. ಟೇಬಲ್, ವೆರಿಫೈ, ಪೂರ್ತಿ ಹೆಸರಿನ ಪಟ್ಟಿ ಇವು ಮೊದಲ ವರ್ಷದಲ್ಲಿ ಕಲಿಯುವವರ ಲಾಭ. ಕ್ಯಾಲ್ಕ್, ಕೋಲನ್, ಡಿಗ್ರಿ ಬಟನ್ ಇವು ಮೂರು ಗಂಟೆಯಲ್ಲಿ 100 ಅಂಕಕ್ಕೆ ಬರೆಯಬೇಕಾದವರ ನಷ್ಟ. ಒಂದನ್ನು ಇನ್ನೊಂದರಿಂದ ಕಳೆದು ಉಳಿದದ್ದನ್ನು ಉತ್ತರ ಎನ್ನಲಾಗದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಕಾಲದ ಇಂಜಿನಿಯರುಗಳು ಲಾಗ್ ಟೇಬಲ್ ಹಿಡಿದು ಕೆರೆ ಕಾಲುವೆಗಳ ಲೆಕ್ಕ ಹಾಕಿದವರು. ಅವರಿಗೆ ದಶಮಾಂಶ ಬಿಂದು ಎಲ್ಲಿ ಬರಬೇಕೆಂಬ ಅಂದಾಜು ಲೆಕ್ಕಕ್ಕೆ ಮೊದಲೇ ಇರಬೇಕಿತ್ತು, ಯಂತ್ರ ಬಂದ ಮೇಲೆ ಆ ಅಂದಾಜು ನಮ್ಮಲ್ಲಿ ಸೊರಗಿದೆ. ಹಾಗೆಂದು ಯಾರೂ ಲಾಗ್ ಟೇಬಲ್ಲಿಗೆ ಮರಳುವುದಿಲ್ಲ, ಮರಳಬೇಕಾಗಿಯೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ಅಣ್ಣನ ಇಎಸ್ ಪ್ಲಸ್ ಅಥವಾ ಇಎಕ್ಸ್ ಇದ್ದು ಬಟನ್‌ಗಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನೇ ಬಳಸಿ, ಹೊಸದು ಬೇಡವೇ ಬೇಡ. ಸಿವಿಲ್‌ನವರಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿರುವುದು ಎಂಎಸ್ ಆದರೆ ಬದಲಾಯಿಸುವುದಕ್ಕೆ ಕಾರಣವಿದೆ, ಭಿನ್ನರಾಶಿಯನ್ನು ಪುಸ್ತಕದಂತೆ ಕಾಣುವುದರಿಂದ ಆವರಣದ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಏನೂ ಇಲ್ಲದೆ ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಇಎಸ್ ಪ್ಲಸ್, ಸಿಡಬ್ಲ್ಯು ಎರಡನ್ನೂ ಕೈಗೆ ತೆಗೆದುಕೊಂಡು ಮೇಲಿನ ಟ್ರಾವರ್ಸ್ ಲೆಕ್ಕವನ್ನೂ ರೂಂಗೆ–ಕುಟ್ಟ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಲಿ. ಸಿಡಬ್ಲ್ಯುವನ್ನೇ ಆರಿಸಿಕೊಂಡವರು ಇಂಟರ್ನಲ್ಸ್ ಹೊತ್ತಿಗೆ ಬದಲಾಯಿಸುವ ಯೋಚನೆ ಮಾಡದೆ ಮೊದಲ ದಿನದಿಂದಲೇ ಅದರಲ್ಲಿ ಕೈ ಪಳಗಿಸಿಕೊಳ್ಳಲಿ.

ಕೊನೆಯ ವರ್ಷಕ್ಕೆ ಕಾಲಿಡುವವರಿಗೆ ಮಾತ್ರ ಬೇರೆ ಮಾತು. ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆಯೇ ಪಾರಾಗಿ ಬಂದವರು ನೀವು. ಗೇಟ್ ಪರೀಕ್ಷೆಯಲ್ಲಿ ನಿಮ್ಮ ಯಂತ್ರವನ್ನು ಒಳಗೆ ಬಿಡುವುದಿಲ್ಲ, ಕಂಪ್ಯೂಟರ್ ಪರದೆಯ ಮೇಲೊಂದು ಕ್ಯಾಲ್ಕುಲೇಟರ್ ಇರುತ್ತದೆ. ಅದರ ಬಟನ್‌ಗಳನ್ನು ಮೌಸ್‌ನಲ್ಲೇ ಒತ್ತಬೇಕು. ಸಾಲ್ವ್ ಇಲ್ಲ, ಇಂಟಿಗ್ರೇಷನ್ ಇಲ್ಲ, ಮ್ಯಾಟ್ರಿಕ್ಸ್ ಇಲ್ಲ, ಸಂಕೀರ್ಣ ಸಂಖ್ಯೆಗಳಿಲ್ಲ. ಎಂ ಪ್ಲಸ್ ಇದೆ. ಅದರ ಮಾದರಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೂರನೇ ವರ್ಷ ಮುಗಿದ ರಜೆಯಿಂದಲೇ ಮನೆಯ ಲೆಕ್ಕಗಳನ್ನೆಲ್ಲ ಅದರಲ್ಲೇ ಮಾಡಿ. ಲೆಕ್ಕ ಶುರು ಮಾಡುವ ಮುನ್ನ ಕೋನ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ.